ಬಾಯಿ ಬಿಡದ ಕಾರು

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ದೀಪಾವಳಿಯ ಹಣತೆಗಳು ಆರಿ, ಮೇಪಲ್ ಮರಗಳು ಬೋಳಾಗಿ, ಗ್ಯಾರೇಜಿನ ಮೂಲೆಯಲ್ಲಿದ್ದ ಹಿಮದ ಸಲಿಕೆ ಬಾಗಿಲ ಬಳಿಗೆ ಬಂದಿರುತ್ತದೆ. ಹಿಮದ ಟೈರು ಹಾಕಿಸಿದ್ದಾಯಿತು, ವೈಪರಿನ ನೀಲಿ ದ್ರವ ತುಂಬಿಸಿದ್ದಾಯಿತು, ಮಕ್ಕಳಿಗೆ ಹೋದ ವರ್ಷದ ಬೂಟು ಚಿಕ್ಕದಾಗಿದೆ ಎಂಬ ವಾರ್ಷಿಕ ಸಂಶೋಧನೆಯೂ ಆಯಿತು. ಈ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಬೇಕಾದವರ ಸಂಖ್ಯೆ ನಮ್ಮ ಕೂಟದಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅವರೇ ವಿದ್ಯುತ್ ಕಾರಿನ ಒಡೆಯರು. ಹಬ್ಬದ ಊಟದ ಸಾಲಿನಲ್ಲಿ ಮೊದಲೆಲ್ಲ ಮನೆಯ ಬೆಲೆ, ಮಾರ್ಟ್‌ಗೇಜ್ ಬಡ್ಡಿಯ ಮಾತು ಕೇಳಿಸುತ್ತಿತ್ತು, ಈಗ "ನಿಮ್ಮದು ಚಳಿಯಲ್ಲಿ ಎಷ್ಟು ಕಿಲೋಮೀಟರು ಓಡತ್ತೆ?" ಎಂಬುದು ಕೇಳಿಸುತ್ತದೆ.

ಎಷ್ಟು ಓಡುತ್ತದೆ ಎನ್ನುವುದು ಆಮೇಲಿನ ಮಾತು. ಓಡಬೇಕಾದರೆ ಮೊದಲು ಕಾರಿಗೆ ಉಣಿಸಬೇಕು. ಉಣಿಸಬೇಕಾದರೆ ಅದು ಬಾಯಿ ತೆರೆಯಬೇಕು! ಚಾರ್ಜಿಂಗ್ ಜಾಗಕ್ಕೆ ಅಂಗೈ ಅಗಲದ ಒಂದು ಮುಚ್ಚಳವಿದೆ. ಜನವರಿಯ ಒಂದು ಬೆಳಿಗ್ಗೆ ಅದು ಹೆಪ್ಪುಗಟ್ಟಿ ಕೂತರೆ, ಗೋಡೆಯಲ್ಲಿ ಎಷ್ಟೇ ಕರೆಂಟಿದ್ದರೂ ಪ್ರಯೋಜನವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ನಮ್ಮ ಗಾದೆಯನ್ನು ಯಾರೋ ದೂರದೃಷ್ಟಿಯುಳ್ಳವರು ಈ ಕಾರಿಗಾಗಿಯೇ ಮಾಡಿಟ್ಟಂತಿದೆ.

ಹಾಗೆ ನೋಡಿದರೆ ವಿದ್ಯುತ್ ಕಾರು ನಮಗೇನೂ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾದ ಪುಟಾಣಿ ‘ರೇವಾ’ 2001ರಲ್ಲೇ ರಸ್ತೆಗಿಳಿದಿತ್ತು. ಮುಂದೆ ಲಂಡನ್ನಿಗೂ ಹೋಗಿ ಅಲ್ಲಿ ‘ಜಿ-ವಿಜ್’ ಎಂಬ ಹೆಸರು ಪಡೆಯಿತು. ಆದರೆ ಬೆಂಗಳೂರಿನ ಚಳಿ ಎಷ್ಟರದು? ಅಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಟೊರಾಂಟೊದಲ್ಲಿ ಮಾರ್ಚ್ ತಿಂಗಳಲ್ಲಿ ಅಷ್ಟು ಬಂತೆಂದರೆ ನಮ್ಮ ಮಕ್ಕಳು ಜಾಕೆಟ್ ಬಿಸಾಡಿ ಅಂಗಳಕ್ಕೆ ಓಡುತ್ತಾರೆ. ಹಾಗಾಗಿ ಊರಿನ ಅನುಭವ ಇಲ್ಲಿ ನೆರವಿಗೆ ಬಾರದು. ಇಲ್ಲಿಯದನ್ನು ಇಲ್ಲಿಯೇ ಕಲಿಯಬೇಕು.

ಹಿಮವಲ್ಲ, ನೀರೇ ಶತ್ರು

ಮುಚ್ಚಳ ಹೆಪ್ಪುಗಟ್ಟುವುದಕ್ಕೆ ಭಾರೀ ಹಿಮಪಾತವೇ ಕಾರಣ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಮೈನಸ್ 20ರಲ್ಲಿ ಬೀಳುವ ಒಣ ಹಿಮ ಹಿಟ್ಟಿನಂತೆ. ಬ್ರಷ್‌ನಿಂದ ಗುಡಿಸಿದರೆ ಹೋಯಿತು. ತೊಂದರೆ ಕೊಡುವುದು ಸೊನ್ನೆಯ ಆಸುಪಾಸಿನ ಹವೆ. ಹಗಲು ಪ್ಲಸ್ ಎರಡು, ರಾತ್ರಿ ಮೈನಸ್ ಎಂಟು ಎಂಬಂಥ ದಿನಗಳಲ್ಲಿ ಕರಗಿದ ನೀರು ಮುಚ್ಚಳದ ಅಂಚಿನ ಸಂದಿಗೆ ಇಳಿದು, ಕತ್ತಲಾದ ಮೇಲೆ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಒಂಟಾರಿಯೊದವರೆಲ್ಲ ಬಲ್ಲ ‘ಫ್ರೀಜಿಂಗ್ ರೇನ್’. ನೀರಾಗಿಯೇ ಬಿದ್ದು, ಮುಟ್ಟಿದ ವಸ್ತುವಿನ ಮೇಲೆ ಗಾಜಿನಂತೆ ಕೂರುವ ಮಳೆ ಇದು. 2013ರ ಡಿಸೆಂಬರಿನಲ್ಲಿ ಇದೇ ಮಳೆ ಟೊರಾಂಟೊದ ಮರಗಳನ್ನು ಮುರಿದು ಸುಮಾರು 3 ಲಕ್ಷ ವಿದ್ಯುತ್ ಗ್ರಾಹಕರನ್ನು ಕತ್ತಲಲ್ಲಿ ಕೂರಿಸಿದ್ದು ಹಳಬರಿಗೆ ನೆನಪಿರಬಹುದು.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಹಾಗೆ ಹಿಗ್ಗಿದ ಮಂಜು ಮುಚ್ಚಳ, ರಬ್ಬರ್ ಪಟ್ಟಿ, ಕಾರಿನ ಮೈ ಮೂರನ್ನೂ ಬೆಸೆದುಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಅಲ್ಲಿ ಭುಜ ಕೊಟ್ಟು ತಳ್ಳಬಹುದು. ಇಲ್ಲಿ ಭುಜಬಲ ತೋರಿಸಿದರೆ ಮುಚ್ಚಳ ಕೈಗೇ ಬರುತ್ತದೆ.

ಮುಚ್ಚಳಗಳಲ್ಲೂ ಜಾತಿಗಳಿವೆ. ಒತ್ತಿದರೆ ‘ಟಕ್’ ಎಂದು ಹೊರಬರುವ ಸ್ಪ್ರಿಂಗಿನವು ಕೆಲವು. ಅವನ್ನು ತೆರೆಯಲು ಮೊದಲು ಒಂದಿಷ್ಟು ಒಳಗೆ ಒತ್ತಬೇಕು, ಮಂಜು ತುಂಬಿದ್ದರೆ ಒತ್ತುವುದಕ್ಕೇ ಜಾಗವಿರುವುದಿಲ್ಲ. ಪುಟ್ಟ ಮೋಟಾರಿನಿಂದ ತೆರೆದುಕೊಳ್ಳುವವು ಇನ್ನು ಕೆಲವು. ಅವಕ್ಕೆ ಅಡ್ಡಿ ಎದುರಾದರೆ ಮೋಟಾರು ಅಲ್ಲಿಗೇ ನಿಲ್ಲುತ್ತದೆ. ಫೋನಿನಲ್ಲಿ ಇಪ್ಪತ್ತು ಸಲ ಗುಂಡಿ ಒತ್ತಿದರೆ ಮಂಜು ಕರಗುವುದಿಲ್ಲ, ಹಲ್ಲುಚಕ್ರಗಳು ಸವೆಯುತ್ತವೆ ಅಷ್ಟೇ. ಮುಚ್ಚಳ ಎಲ್ಲಿದೆ ಎಂಬುದೂ ಮುಖ್ಯ. ಕಾರಿನ ಮೂತಿಯಲ್ಲಿದ್ದರೆ ಎದುರಿನ ಲಾರಿ ಎರಚುವ ಕೆಸರುಹಿಮವೆಲ್ಲ ಅದರ ಮೇಲೆಯೇ.

ಒಂದು ಮಧ್ಯಾಹ್ನದ ಕಥೆ

ನಮ್ಮ ಕೂಟದ ಗೆಳತಿಯೊಬ್ಬರು ನರ್ಸ್. ಮನೆ ಮಿಸಿಸಾಗಾದಲ್ಲಿ, ಆಸ್ಪತ್ರೆ ಸುಮಾರು ಐವತ್ತು ಕಿಲೋಮೀಟರು ದೂರದಲ್ಲಿ. ಹೋದ ಚಳಿಗಾಲದ ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದಾಗ ಚಾರ್ಜರಿನಲ್ಲಿ ಗಂಡನ ಕಾರಿತ್ತು. ತಮ್ಮದನ್ನು ಹೊರಗೆ ಡ್ರೈವ್‌ವೇಯಲ್ಲಿ ನಿಲ್ಲಿಸಿ ಮಲಗಿದರು. ಮಧ್ಯಾಹ್ನ ಫ್ರೀಜಿಂಗ್ ರೇನ್ ಸುರಿಯಿತು. ಮೂರು ಗಂಟೆಗೆ ಎದ್ದು ನೋಡಿದರೆ ಕಾರು ಗಾಜಿನ ಪೆಟ್ಟಿಗೆಯಲ್ಲಿಟ್ಟ ಬೊಂಬೆಯಂತಿದೆ. ಬ್ಯಾಟರಿಯಲ್ಲಿ ಉಳಿದದ್ದು ಶೇಕಡಾ 14. ಮುಚ್ಚಳ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ಗಂಡ ಆ ಹೊತ್ತಿಗೆ ತಮ್ಮ ಕಾರಿನಲ್ಲಿ ಕೆಲಸಕ್ಕೆ ಹೋಗಿಯಾಗಿತ್ತು. ಸಂಜೆ ಏಳೂವರೆಗೆ ಇವರು ವಾರ್ಡಿಗೆ ಹೋಗದಿದ್ದರೆ, ಹಗಲೆಲ್ಲ ದುಡಿದ ಇನ್ನೊಬ್ಬ ನರ್ಸ್ ಮನೆಗೆ ಹೋಗುವಂತಿಲ್ಲ. ರೋಗಿಗಳನ್ನು ವಹಿಸಿಕೊಳ್ಳುವವರು ಬರುವವರೆಗೆ ಅವರು ಅಲ್ಲೇ ಇರಬೇಕು.

ಕಾಲೇಜಿಗೆ ಹೋಗುವ ಮಗ ಸ್ಕ್ರೂಡ್ರೈವರ್ ಹಿಡಿದು ಹೊರಟ. ಊರಿಂದ ಬಂದಿದ್ದ ಅತ್ತೆಯವರು ಕಿಟಕಿಯಿಂದಲೇ ನೋಡಿ ಕೂಗಿ ತಡೆದರು. ಮಂಡಿನೋವಿಗೆಂದು ಸೂಟ್‌ಕೇಸಿನಲ್ಲಿ ತಂದಿದ್ದ ರಬ್ಬರಿನ ಬಿಸಿನೀರಿನ ಚೀಲ ತುಂಬಿಸಿ, ಸೊಸೆಯ ಕೈಗಿತ್ತರು. "ತಗೋಮ್ಮ, ನನ್ನ ಮಂಡಿ ಬಿಡ್ಸೋದು ನಿನ್ನ ಕಾರಿನ ಮುಚ್ಚಳ ಬಿಡ್ಸಲ್ವಾ?" ಎಂದರಂತೆ. ಚೀಲವನ್ನು ಟವೆಲಿನಲ್ಲಿ ಸುತ್ತಿ ಮುಚ್ಚಳಕ್ಕೆ ಒತ್ತಿ ಹಿಡಿದರು. ಎರಡನೇ ಸಲ ಬಿಸಿನೀರು ತುಂಬಿಸುವ ಹೊತ್ತಿಗೆ ಮುಚ್ಚಳ ಬಿಟ್ಟುಕೊಂಡಿತು. ನಾಲ್ಕಕ್ಕೆ ಮುಂಚೆ ಚಾರ್ಜ್ ಶುರುವಾಗಿ, ಆರೂವರೆಗೆ ಹೊರಡುವಷ್ಟು ಕರೆಂಟ್ ಸೇರಿತು. ಆವತ್ತು ವಾರ್ಡಿಗೆ ಸರಿಯಾದ ಸಮಯಕ್ಕೆ ನರ್ಸ್ ಬಂದದ್ದರ ಹಿಂದೆ ಮಂಡ್ಯದ ಅಜ್ಜಿಯೊಬ್ಬರ ಮಂಡಿನೋವಿತ್ತು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಏನು ಮಾಡಬೇಕು, ಯಾವ ಕ್ರಮದಲ್ಲಿ

ಅಜ್ಜಿಯ ಉಪಾಯದ ಹಿಂದೆ ಶುದ್ಧ ವಿಜ್ಞಾನವಿದೆ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಕೊಟ್ಟರೆ ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರು 80 ಡಿಗ್ರಿಗೆ, ಅಂದರೆ ಫಿಲ್ಟರ್ ಕಾಫಿಯ ಬಿಸಿಗೆ ಏರುತ್ತದೆ. ಆದ್ದರಿಂದ ಮಂಜು ಕರಗಿಸುವುದಕ್ಕೆ ಬೇಕಾದ್ದು ಒಮ್ಮೆಲೇ ಸುರಿಯುವ ಬಿಸಿಯಲ್ಲ, ತಾಳ್ಮೆಯಿಂದ ಹಿಡಿದ ಶಾಖ.

ಮೊದಲು ಫೋನಿನಿಂದ ಕಾರಿನ ಹೀಟರ್ ಚಾಲೂ ಮಾಡಿ ಇಪ್ಪತ್ತು ಮೂವತ್ತು ನಿಮಿಷ ಬಿಡಿ. ಟೆಸ್ಲಾದ ಕೆಲವು ಕಾರುಗಳಲ್ಲಿ ಚಾರ್ಜಿಂಗ್ ಬಾಯಿಗೇ ಪುಟ್ಟ ಹೀಟರ್ ಇದೆ. ಚಳಿಯಲ್ಲಿ ಹಿಂಬದಿ ಗಾಜಿನ ಡಿಫ್ರಾಸ್ಟ್ ಒತ್ತಿದರೆ ಅದೂ ಬಿಸಿಯಾಗುತ್ತದೆ. ಎಲ್ಲ ಕಾರುಗಳಲ್ಲೂ ಒಳಗಿನ ಬಿಸಿ ಮುಚ್ಚಳದವರೆಗೆ ತಲುಪುವುದಿಲ್ಲ. ಆಗ ಅಂಗೈಯಿಂದ, ಇಲ್ಲವೇ ಮುಷ್ಟಿಯ ಮೆತ್ತನೆಯ ಬದಿಯಿಂದ ಮುಚ್ಚಳದ ಅಂಚಿನ ಸುತ್ತ ಹದವಾಗಿ ತಟ್ಟಿ. ತೆಳ್ಳಗಿನ ಪದರವಾದರೆ ಬಿರುಕು ಬಿಡುತ್ತದೆ. ಸಂದಿಯಲ್ಲಿರುವ ಪುಡಿಮಂಜನ್ನು ಹಳೆಯ ಲೈಬ್ರರಿ ಕಾರ್ಡಿನಿಂದ ಕೆರೆದು ತೆಗೆಯಬಹುದು.

ಇದಕ್ಕೂ ಬಗ್ಗದಿದ್ದರೆ ಬಿಸಿನೀರಿನ ಚೀಲ, ಇಲ್ಲವೇ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್. ಇದು ಹೆಪ್ಪುಗಟ್ಟುವುದು ಮೈನಸ್ 89 ಡಿಗ್ರಿಯಲ್ಲಿ. ಸಣ್ಣ ಸ್ಪ್ರೇ ಬಾಟಲಿಯಲ್ಲಿ ಹಾಕಿ ಮುಚ್ಚಳದ ಹೊರಅಂಚಿಗೆ ಮಾತ್ರ ಸಿಂಪಡಿಸಿ. ಒಳಗಿನ ಲೋಹದ ತುದಿಗಳಿಗೆ ಬೇಡವೇ ಬೇಡ. ಬೇಗ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಅದನ್ನು ಹಾಕಿದ ಮೇಲೆ ಹೇರ್ ಡ್ರೈಯರ್, ಲೈಟರ್ ಹತ್ತಿರ ತರಬಾರದು. ಚೆನ್ನಾಗಿ ಒಣಗಿದ ಮೇಲೆಯೇ ಪ್ಲಗ್ ಚುಚ್ಚಬೇಕು.

ಮಾಡಬಾರದ್ದು ಇನ್ನೂ ಮುಖ್ಯ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಸ್ಕ್ರೂಡ್ರೈವರಿಗೆ ಮುಚ್ಚಳದ ಜೊತೆ ಬಣ್ಣವೂ ಹೋಗುತ್ತದೆ. ಕುದಿಯುವ ನೀರು ಸುರಿದರೆ ಆ ಕ್ಷಣಕ್ಕೆ ಮಂಜು ಕರಗೀತು. ಆದರೆ ಅದೇ ನೀರು ಒಳಗಿಳಿದು ಹತ್ತು ನಿಮಿಷದಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಪಕ್ಕದ ಗಾಜಿಗೆ ತಾಗಿದರೆ ಸೀಳಲೂಬಹುದು. ಹೇರ್ ಡ್ರೈಯರ್ ಗ್ಯಾರೇಜಿನ ಒಳಗೆ ಸರಿ. ತೇವದ ಹಿಮದ ಮೇಲೆ ಎಕ್ಸ್‌ಟೆನ್ಷನ್ ವೈರ್ ಎಳೆದು ಬಳಸುವುದು ಅಪಾಯ.

ಒಳ್ಳೆಯ ಮನಸ್ಸಿನಿಂದ ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ದಯವಿಟ್ಟು ಬೇಡ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಸ್ನಾನದ ಮನೆಯ ಬಾಟಲಿಯೇ ಇದಕ್ಕೆ ಸಾಕ್ಷಿ. ಮೈನಸ್ ಹತ್ತರಲ್ಲಿ ಅದು ಎಣ್ಣೆಯಲ್ಲ, ಮೇಣ.

ಮುಚ್ಚಳ ತೆರೆಯಿತು, ಆಮೇಲೆ?

ಬಾಯಿ ತೆರೆದ ಮಾತ್ರಕ್ಕೆ ಊಟ ಇಳಿಯುತ್ತದೆಂದಲ್ಲ. ಪ್ಲಗ್ಗನ್ನು ಹಿಡಿದಿಡುವ ಒಳಗಿನ ಕೊಂಡಿಯೂ ಹೆಪ್ಪುಗಟ್ಟಿರಬಹುದು. ಟೆಸ್ಲಾದಲ್ಲಿ ಹೀಗಾದರೆ ಮನೆಯ ಚಾರ್ಜಿಂಗ್ 16 ಆಂಪಿಯರಿಗೆ ಇಳಿಯಬಹುದು, ಫಾಸ್ಟ್ ಚಾರ್ಜಿಂಗ್ ನಡೆಯದೆಯೂ ಇರಬಹುದು. ಇದಕ್ಕೆ ಉಲ್ಟಾ, ಚಾರ್ಜ್ ಮುಗಿದ ಮೇಲೆ ಪ್ಲಗ್ ಹೊರಬರುವುದಿಲ್ಲ. ಆಗ ಚಾರ್ಜಿಂಗ್ ನಿಲ್ಲಿಸಿ, ಕಾರನ್ನು ಎರಡು ಮೂರು ಸಲ ಲಾಕ್ ಅನ್‌ಲಾಕ್ ಮಾಡಿ, ಪ್ಲಗ್ಗನ್ನು ತುಸು ಒಳಗೆ ಒತ್ತಿ ನೋಡಿ. ಹಲವು ಕಾರುಗಳಲ್ಲಿ ಡಿಕ್ಕಿಯೊಳಗೆ ಕೈಯಿಂದ ಎಳೆದು ಬಿಡಿಸುವ ಹಗ್ಗವೋ ಕೊಂಡಿಯೋ ಇರುತ್ತದೆ. ನಿಮ್ಮ ಕಾರಿನಲ್ಲಿ ಅದಿದೆಯೇ, ಎಲ್ಲಿದೆ ಎಂಬುದನ್ನು ಬೇಸಿಗೆಯಲ್ಲೇ ಪುಸ್ತಕ ತೆರೆದು ನೋಡಿಟ್ಟುಕೊಳ್ಳಿ.

ಬ್ಯಾಟರಿಯೇ ತಣ್ಣಗಾಗಿದ್ದರಂತೂ ಕಾರು ತಾನಾಗಿಯೇ ನಿಧಾನವಾಗಿ ಉಣ್ಣುತ್ತದೆ. ತೀರಾ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಜೋರಾಗಿ ಕರೆಂಟ್ ಕೊಟ್ಟರೆ ಲಿಥಿಯಂ ಒಳಗೆ ಸೇರುವ ಬದಲು ಲೋಹವಾಗಿ ಮೇಲೆಯೇ ಕೂತು ಬ್ಯಾಟರಿಯನ್ನು ಕೆಡಿಸುತ್ತದೆ. ಅದಕ್ಕೇ ಕಾರಿನ ಕಂಪ್ಯೂಟರು ಕಡಿವಾಣ ಹಾಕುತ್ತದೆ. 2024ರ ಜನವರಿಯಲ್ಲಿ ಶಿಕಾಗೊ ಸುತ್ತಮುತ್ತ ಚಾರ್ಜಿಂಗ್ ನಿಲ್ದಾಣಗಳಲ್ಲಿ ಕಾರುಗಳು ಗಂಟೆಗಟ್ಟಲೆ ಸಾಲುಗಟ್ಟಿ, ಕೆಲವು ಅಲ್ಲೇ ನಿಂತುಹೋದದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ನಿಲ್ದಾಣಕ್ಕೆ ಹೋಗುವಾಗ ಕಾರಿನ ನಕ್ಷೆಯಲ್ಲಿ ಅದನ್ನೇ ಗುರಿಯಾಗಿ ಹಾಕಿಕೊಂಡರೆ, ಆ ಸೌಲಭ್ಯವಿರುವ ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ.

ಆರಿದ್ರಾ ಮಳೆಗೆ ಮುಂಚೆ ಸೌದೆ

ಮಲೆನಾಡಿನ ಮನೆಗಳಲ್ಲಿ ಆರಿದ್ರಾ ಮಳೆ ಹಿಡಿಯುವ ಮುಂಚೆಯೇ ಸೌದೆ ಕೊಟ್ಟಿಗೆ ಸೇರಿರುತ್ತದೆ, ಹಪ್ಪಳ ಡಬ್ಬಿ ಸೇರಿರುತ್ತದೆ. ಇಲ್ಲಿಯ ಸಿದ್ಧತೆಯೂ ಅಂಥದ್ದೇ. ನವೆಂಬರಿನಲ್ಲೇ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿಯನ್ನು ಒರೆಸಿ ಒಣಗಿಸಿ, ಬಟ್ಟೆಗೆ ಸಿಲಿಕೋನ್ ಹಾಕಿ ತೆಳ್ಳಗೆ ಸವರಿ. ನೀರು ಅಂಟುವುದಿಲ್ಲ, ರಬ್ಬರಿಗೂ ಕೆಡುಕಿಲ್ಲ. ಕಾರು ತೊಳೆಸಿದ ದಿನ ಮುಚ್ಚಳ ತೆರೆದು ಅಂಚು ಒರೆಸುವುದನ್ನು ಮರೆಯಬೇಡಿ.

ಎಲ್ಲಕ್ಕಿಂತ ದೊಡ್ಡ ಮದ್ದೆಂದರೆ ಮನೆಗೆ ಬಂದ ಕೂಡಲೇ ಪ್ಲಗ್ ಚುಚ್ಚುವುದು. ಒಂಟಾರಿಯೊದಲ್ಲಿ 2023ರಲ್ಲಿ ಬಂದ ಹೊಸ ಯೋಜನೆಯಡಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ವಿದ್ಯುತ್ ದರ ಬಹಳ ಅಗ್ಗ. ಹಾಗೆಂದು ಹನ್ನೊಂದು ಗಂಟೆಗೆ ಸ್ವೆಟರ್ ಹಾಕಿಕೊಂಡು ಹೊರಗೆ ಹೋಗಬೇಕಿಲ್ಲ. ಅಷ್ಟರಲ್ಲಿ ಮುಚ್ಚಳ ಹೆಪ್ಪುಗಟ್ಟಿರುತ್ತದೆ. ಸಂಜೆಯೇ ಪ್ಲಗ್ ಚುಚ್ಚಿ, ಶುರುವಾಗುವ ಸಮಯವನ್ನು ಕಾರಿಗೆ ಹೇಳಿಡಿ. ಬೆಳಿಗ್ಗೆ ಹೊರಡುವ ಸಮಯವನ್ನೂ ಹೇಳಿದರೆ ಕಾರೂ ಬ್ಯಾಟರಿಯೂ ಗೋಡೆಯ ಕರೆಂಟಿನಲ್ಲೇ ಬೆಚ್ಚಗಾಗುತ್ತವೆ. ಬಯಲಲ್ಲಿ ನಿಲ್ಲಿಸುವವರು, ಅದರಲ್ಲೂ ಕಾಂಡೊ ಮತ್ತು ಅಪಾರ್ಟ್‌ಮೆಂಟಿನವರು, ಮುಚ್ಚಳವಿರುವ ಬದಿಯನ್ನು ಗಾಳಿಗೆ ಬೆನ್ನಾಗಿಸಿ ನಿಲ್ಲಿಸಲಿ. ಫ್ರೀಜಿಂಗ್ ರೇನ್ ಮುನ್ಸೂಚನೆ ಇದ್ದ ದಿನ ಮುಚ್ಚಳದ ಮೇಲೆ ಮ್ಯಾಗ್ನೆಟ್ ಹೊದಿಕೆ ಹಾಕಲಿ. ಚಳಿಗಾಲದಲ್ಲಿ ಬ್ಯಾಟರಿಯನ್ನು ಶೇಕಡಾ 30ಕ್ಕಿಂತ ಕೆಳಗಿಳಿಸದಿದ್ದರೆ, ಮುಚ್ಚಳ ಒಂದು ದಿನ ಮುನಿಸಿಕೊಂಡರೂ ಮಾರನೆಯ ದಿನದವರೆಗೆ ಕಾಯಬಹುದು.

ಇಷ್ಟೆಲ್ಲ ಕೇಳಿ "ಪೆಟ್ರೋಲ್ ಕಾರೇ ವಾಸಿಯಪ್ಪ" ಎನ್ನಬೇಡಿ. ಅದಕ್ಕೂ ಈ ಸೀಮೆಯಲ್ಲಿ ಚಳಿ ತಗುಲುತ್ತದೆ. 1940ರ ದಶಕದಲ್ಲಿ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಎಂಜಿನ್ನಿಗೆ ವಿದ್ಯುತ್ ಹೀಟರ್ ಜೋಡಿಸಿದ್ದು ಅದಕ್ಕೇ. ವಿನ್ನಿಪೆಗ್, ಎಡ್ಮಂಟನ್ ಕಡೆಯ ಕನ್ನಡಿಗರು ಇವತ್ತಿಗೂ ಪೆಟ್ರೋಲ್ ಕಾರನ್ನೇ ರಾತ್ರಿ ಪ್ಲಗ್ಗಿಗೆ ಕಟ್ಟಿ ಮಲಗುತ್ತಾರೆ. ಅತ್ತ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇಕಡಾ 89ರಷ್ಟು ವಿದ್ಯುತ್ ಕಾರುಗಳೇ. ಅಲ್ಲಿ ಚಳಿಯಿಲ್ಲವೆಂದು ಯಾರೂ ಹೇಳಲಾರರು.

ಈ ಸಲ ಊರಿಂದ ಅಪ್ಪ ಅಮ್ಮ ಬರುವವರಿದ್ದರೆ ಚಟ್ನಿಪುಡಿ, ಹುರಿಗಾಳಿನ ಪಟ್ಟಿಯ ಕೊನೆಗೆ ಒಂದು ಬಿಸಿನೀರಿನ ಚೀಲವನ್ನೂ ಬರೆಯಿರಿ. ಮಂಡಿಗಾದರೂ ಆಯಿತು, ಮುಚ್ಚಳಕ್ಕಾದರೂ ಆಯಿತು!