ವ್ಯವಹಾರ ಪತ್ರಗಳಲ್ಲಿ ಸಂಶಯದ ಭಾಷೆ

ದೂಧಗಂಗಾ ತೀರದ ಸದಲಗಾ ಪಟ್ಟಣದ ವರ್ತಕರಿಗೆ ಎರಡು ಭಾಷೆಗಳಲ್ಲಿ ವ್ಯವಹರಿಸುವುದು ಹೊಸದಲ್ಲ. ಪೇಟೆಯಲ್ಲಿ ಕನ್ನಡ, ಗಡಿಯಾಚೆಯ ಇಚಲಕರಂಜಿ, ಕೊಲ್ಹಾಪುರಗಳೊಡನೆ ಮರಾಠಿ. ಆದರೆ ಎರಡರಲ್ಲಿಯೂ ಇರುವ ಒಂದೇ ಶಬ್ದ ಬೇರೆ ಬೇರೆ ಅರ್ಥ ಕೊಡುವುದುಂಟು. ‘ಲೆಕ್ಕದಲ್ಲಿ ಅನುಮಾನವಿದೆ’ ಎಂದರೆ ಕನ್ನಡಿಗನಿಗೆ ಸಂಶಯ. ಮರಾಠಿಯಲ್ಲಿ ‘ಅನುಮಾನ’ವೆಂದರೆ ಊಹೆ, ತರ್ಕದಿಂದ ತಿಳಿದದ್ದು. ದೂರು ಹೇಳಬೇಕಾದಲ್ಲಿ ಮರಾಠಿ ಪತ್ರದಲ್ಲಿ ‘ಶಂಕಾ’ ಅಥವಾ ‘ಸಂಶಯ’ ಎಂದು ಬರೆಯುವುದೇ ಕ್ಷೇಮ.

ಇದಕ್ಕಿಂತ ಹಾನಿಕರವಾದ ತಪ್ಪು ಇಂಗ್ಲಿಷ್ ಪತ್ರಗಳಲ್ಲಿ ಆಗುತ್ತದೆ. ಸರಕು ದಾರಿಯಲ್ಲಿ ನೆನೆದು ಕೆಟ್ಟಿರಬಹುದೆಂಬ ಗುಮಾನಿ ಬಂದಾಗ ‘ಐ ಡೌಟ್ ದಟ್ ದಿ ಗೂಡ್ಸ್ ಆರ್ ಡ್ಯಾಮೇಜ್ಡ್’ ಎಂದು ಬರೆಯುವವರುಂಟು. ಇಂಗ್ಲಿಷ್ ಬಲ್ಲವನು ಇದನ್ನು ‘ಸರಕು ಕೆಟ್ಟಿರಲಾರದು’ ಎಂದೇ ಓದುತ್ತಾನೆ. ವಿಮಾ ಪರಿಹಾರ ಕೇಳುವ ವರ್ತಕನು ತನ್ನ ಸಹಿಯಿಂದಲೇ ತನ್ನ ವಿರುದ್ಧ ಪುರಾವೆ ಒದಗಿಸಿದಂತಾಯಿತು. ಇಲ್ಲಿ ಬೇಕಾದ ಕ್ರಿಯಾಪದ ‘ಸಸ್ಪೆಕ್ಟ್’. ಹೀಗಾಗಿದೆಯೆಂದು ಮನಸ್ಸು ವಾಲಿದರೆ ‘ಸಸ್ಪೆಕ್ಟ್’. ಹೀಗಾಗಿರಲಾರದೆಂದು ವಾಲಿದರೆ ‘ಡೌಟ್’. ಪ್ರತಿ ವರ್ಷದ ಅಢಾವೆ ಪತ್ರಿಕೆಯಲ್ಲಿ ಕಾಣುವ ‘ಡೌಟ್‌ಫುಲ್ ಡೆಟ್ಸ್’ ಇದಕ್ಕೆ ನಿದರ್ಶನ: ಬರಲಾರದೆಂದು ತೋರುವ ಬಾಕಿ ಅದು.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಥಣಿ, ನಿಪ್ಪಾಣಿಗಳ ಚಪ್ಪಲಿಗೆ ನಾಳೆ ಸ್ಪೇನ್ ಅಥವಾ ಮೆಕ್ಸಿಕೊದಿಂದ ವಿಚಾರಣೆ ಬಂದರೆ ಸ್ಪ್ಯಾನಿಷ್ ಭಾಷೆಯ ರೀತಿಯೂ ಗೊತ್ತಿರಬೇಕು. ಅಲ್ಲಿ ‘ಸೊಸ್ಪೆಚೊ ಕೆ ನೊ ಪಾಗಾ’ ಎಂದರೆ ಆತ ಹಣ ಕೊಡುವುದಿಲ್ಲವೆಂಬ ಗುಮಾನಿ. ‘ದುದೊ ಕೆ ಪಾಗೆ’ ಎಂದರೆ ಕೊಟ್ಟಾನೆಂಬ ನಂಬಿಕೆಯಿಲ್ಲ. ‘ಪಾಗಾ’ ಹೋಗಿ ‘ಪಾಗೆ’ ಬಂದುದನ್ನು ಗಮನಿಸಬೇಕು. ಶಂಕೆಯ ಮಾತು ಬಂದೊಡನೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ‘ಕೊಡುತ್ತಾನೆ’, ‘ಕೊಟ್ಟಾನು’ ಎಂಬ ಭೇದವಿರುವ ಕನ್ನಡಿಗರಿಗೆ ಇದು ತೀರ ಅಪರಿಚಿತವೇನಲ್ಲ. (ಕೂಲಿಕಾರರಿಗೆ ಕೊಡುವ ‘ಪಗಾರ’ವೂ ಸ್ಪ್ಯಾನಿಷ್‌ನ ಸೋದರಭಾಷೆಯಾದ ಪೋರ್ಚುಗೀಸಿನ ‘ಪಗಾರ್’ ಶಬ್ದದಿಂದಲೇ ಬಂದದ್ದು.)

ನಮ್ಮವರು ಪ್ರಶ್ನೆ ಕೇಳುವಾಗ ‘ಐ ಹ್ಯಾವ್ ಎ ಡೌಟ್’ ಎನ್ನುತ್ತಾರೆ. ಲಂಡನ್ನಿನ ಖರೀದಿದಾರನಿಗೆ ಅದು ಅಪನಂಬಿಕೆಯಂತೆ ಕೇಳಿಸೀತು. ಅವನಿಗೆ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಬೇಕು. ಸ್ಪ್ಯಾನಿಷ್ ಗಿರಾಕಿಯಾದರೋ ನಮ್ಮಂತೆಯೇ ‘ತೆಂಗೊ ಉನಾ ದುದಾ’ ಎಂದು ಬರೆಯುತ್ತಾನೆ. ಅದನ್ನು ಆರೋಪವೆಂದು ತಿಳಿದು ಸಿಟ್ಟಿನ ಉತ್ತರ ಕಳುಹಿಸಿದರೆ ಆರ್ಡರು ಕೈತಪ್ಪೀತು. ಅವನು ಕೇಳಿದ್ದು ಬಹುಶಃ ದರವನ್ನೋ, ಅಳತೆಯನ್ನೋ ಇರುತ್ತದೆ.