ಕಾಣದ ಬೆಳಕಿನ ಛಾಯಾಚಿತ್ರ

ನನ್ನ ಸೋದರಮಾವ ಒಮಾನ್ ದೇಶದ ಸಲಾಲಾ ಪಟ್ಟಣದಲ್ಲಿ ವಿದ್ಯುತ್ ಕೆಲಸಗಾರರಾಗಿದ್ದಾರೆ. ಹತ್ತನೆಯ ತರಗತಿಗೇ ಓದು ಬಿಟ್ಟವರು. ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನ ಶುಲ್ಕ ಕಟ್ಟುತ್ತಿರುವವರೂ ಅವರೇ. ಎರಡು ವರ್ಷಗಳಿಂದ ಅವರಿಗೆ ಇನ್‌ಫ್ರಾರೆಡ್, ಎಂದರೆ ಅವಕೆಂಪು ಕಿರಣಗಳ ಛಾಯಾಗ್ರಹಣದ ಗೀಳು ಹಿಡಿದಿದೆ. ಓದುತ್ತಿರುವಾಗ ತೋಚದ ಸಂದೇಹಗಳನ್ನೆಲ್ಲ ನನಗೆ ಬರೆದು ಕೇಳುತ್ತಾರೆ. ನಾನಾದರೋ ಇತಿಹಾಸದ ವಿದ್ಯಾರ್ಥಿ. ಅವರಿಗೆ ಉತ್ತರ ಹೇಳಲೆಂದು ಓದಿ ತಿಳಿದುಕೊಂಡದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಈ ಕಿರಣಗಳನ್ನು ಕಂಡುಹಿಡಿದಾತನೂ ಪರದೇಶವಾಸಿಯೇ. ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ವಿಲಿಯಂ ಹರ್ಷೆಲ್, 1800ರಲ್ಲಿ ಬಿಸಿಲನ್ನು ಪಟ್ಟಕದಿಂದ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನ ಆಚೆ, ಬಣ್ಣವೇ ಇಲ್ಲದೆಡೆ ಇಟ್ಟ ಮಾಪಕದಲ್ಲಿ ಪಾದರಸ ಇನ್ನೂ ಮೇಲೇರಿತು. ಆ ಬೆಳಕಿನಿಂದ ತೆಗೆದ ಚಿತ್ರಗಳನ್ನು ಅಮೆರಿಕದ ರಾಬರ್ಟ್ ವುಡ್ 1910ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಮರಗಳೆಲ್ಲ ಬೆಳ್ಳಗಿದ್ದವು. ಇದಕ್ಕೆ ‘ವುಡ್ ಪರಿಣಾಮ’ವೆಂಬ ಹೆಸರು ಬಂದುದು ಅವನಿಂದ, ಮರವೆಂಬ ಅರ್ಥದ ಇಂಗ್ಲಿಷ್ ಮಾತಿನಿಂದಲ್ಲ!

ಎಲೆ ಬೆಳ್ಳಗಾಗುವುದೇಕೆ? ಎಲೆಯ ಪತ್ರಹರಿತ್ತು ಕೆಂಪು, ನೀಲಿ ಬೆಳಕುಗಳನ್ನು ಹೀರುತ್ತದೆ. ಅವಕೆಂಪನ್ನು ಹೀರದೆ ಬಿಟ್ಟುಬಿಡುತ್ತದೆ. ಎಲೆಯೊಳಗಿನ ಜೀವಕೋಶಗಳೂ ಅವುಗಳ ನಡುವಣ ಗಾಳಿಯ ಸಂದುಗಳೂ ಅದನ್ನು ಚದುರಿಸಿ, ಬಹುಭಾಗವನ್ನು ಹಿಂದಕ್ಕೆ ಕಳುಹಿಸುತ್ತವೆ. ಆಕಾಶದ ಗಾಳಿ ಈ ಕಿರಣಗಳನ್ನು ಚದುರಿಸುವುದು ಬಹಳ ಕಡಮೆ. ಆದ್ದರಿಂದ ನೀಲಿ ಬಾನು ಕಪ್ಪಾಗುತ್ತದೆ. ನೀರು ಅವುಗಳನ್ನು ಹೀರಿಕೊಂಡು ಕಪ್ಪಾಗುತ್ತದೆ. ಚರ್ಮದ ಕಪ್ಪು ಬಣ್ಣಕ್ಕೆ ಕಾರಣವಾದ ಮೆಲನಿನ್ ಇಲ್ಲಿ ಅಷ್ಟಾಗಿ ಹೀರುವುದಿಲ್ಲ. ಗಲ್ಫಿನ ಬಿಸಿಲಲ್ಲಿ ಕಂದಿದ ಮಾವನ ಮುಖ ಚಿತ್ರದಲ್ಲಿ ಮೇಣದಂತೆ ಬಿಳಿಚಿದೆ. ನನಗೆ ಅದು ಹಿಡಿಸಲಿಲ್ಲ. ತೆಂಗಿನ ಮರಗಳೇ ಚೆನ್ನ.

ಈ ಚಿತ್ರ ಮೈಯ ಶಾಖವನ್ನು ತೋರಿಸುತ್ತದೆಂದು ಹಲವರ ನಂಬಿಕೆ. ಅದು ಹಾಗಲ್ಲ. ನಮ್ಮ ಮೈಯಿಂದ ಹೊಮ್ಮುವ ಕಿರಣಗಳ ಅಲೆಯುದ್ದ 10,000 ನ್ಯಾನೊಮೀಟರಿನ ಆಸುಪಾಸಿನದು. ಸಾಮಾನ್ಯ ಕ್ಯಾಮರಾಕ್ಕೆ ಎಟುಕುವುದು 700ರಿಂದ ಸುಮಾರು 1,000ದವರೆಗೆ ಮಾತ್ರ. ಟಿ.ವಿ. ರಿಮೋಟನ್ನು ಫೋನಿನ ಕ್ಯಾಮರಾದ ಎದುರು ಒತ್ತಿ ನೋಡಿ. ಕೆಲವು ಫೋನುಗಳಲ್ಲಿ, ಅದರಲ್ಲಿಯೂ ಮುಂಬದಿಯ ಕ್ಯಾಮರಾದಲ್ಲಿ, ಬರಿಗಣ್ಣಿಗೆ ಕಾಣದ ಮಿನುಗು ಕಾಣುತ್ತದೆ.

ಡಿಜಿಟಲ್ ಕ್ಯಾಮರಾದ ಸಂವೇದಕಕ್ಕೆ ಅವಕೆಂಪು ಕಾಣುತ್ತದೆ. ಬಣ್ಣ ಕೆಡದಿರಲೆಂದು ತಯಾರಕರೇ ಅದರ ಮುಂದೆ ತಡೆಗಾಜನ್ನು ಕೂರಿಸಿರುತ್ತಾರೆ. ಮಸೂರದ ಮುಂದೆ 720 ನ್ಯಾನೊಮೀಟರಿನ ಕಡುಗಪ್ಪು ಫಿಲ್ಟರ್ ಹಾಕಿದರೆ ತಡೆಗಾಜಿನಲ್ಲಿ ನುಸುಳಿದಷ್ಟೇ ಬೆಳಕಿಗಾಗಿ ಹಲವು ಸೆಕೆಂಡು ಕಾಯಬೇಕು. ಮುಕ್ಕಾಲಿ ಬೇಕೇಬೇಕು, ಗಾಳಿ ಬೀಸಿದರೆ ಎಲೆಗಳೆಲ್ಲ ಹೊಗೆ. ಮಾವ ಮೊದಲು ಹೀಗೆ ಹೆಣಗಿ, ಕಡೆಗೆ ತಡೆಗಾಜನ್ನೇ ತೆಗೆಸಿದ ಹಳೆಯ ಕ್ಯಾಮರಾವೊಂದನ್ನು ಕೊಂಡರು. ಈಗ ಕೈಯಲ್ಲಿ ಹಿಡಿದೇ ತೆಗೆಯುತ್ತಾರೆ.

ಪರದೇಶದಲ್ಲಿ ದುಡಿಯುವವರಿಗೆ ಈ ಹವ್ಯಾಸ ಒಪ್ಪುವುದಕ್ಕೆ ಮುಖ್ಯ ಕಾರಣವೊಂದುಂಟು. ಮಾವನಿಗೆ ಶುಕ್ರವಾರ ಮಾತ್ರ ರಜೆ. ಬಟ್ಟೆ ಒಗೆದು, ಅಡುಗೆ ಮುಗಿಸಿ ಹೊರಡುವಾಗ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಬೇರೆ ಛಾಯಾಗ್ರಾಹಕರು ಬೈದುಕೊಳ್ಳುವ ಆ ಉರಿಬಿಸಿಲೇ ಅವಕೆಂಪಿಗೆ ಬೇಕಾದದ್ದು. ಸಲಾಲಾ ಬರಿಯ ಮರಳುಗಾಡೂ ಅಲ್ಲ. ಅಲ್ಲಿ ತೆಂಗು, ಬಾಳೆ, ಪಪ್ಪಾಯಿ ಬೆಳೆಯುತ್ತವೆ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ‘ಖರೀಫ್’ ಎಂಬ ಮುಂಗಾರು ದೋಫಾರಿನ ಬೆಟ್ಟಗಳನ್ನು ಹಸಿರು ಮಾಡುತ್ತದೆ. ಆದರೆ ಆಗ ಮಂಜು, ತುಂತುರು. ಬಿಸಿಲಿಲ್ಲದೆ ಚಿತ್ರ ಸಪ್ಪೆ. ಮಂಜು ಸರಿದು, ಹಸಿರು ಇನ್ನೂ ಒಣಗದ ಕೆಲವೇ ವಾರಗಳಿಗಾಗಿ ಮಾವ ವರ್ಷವೆಲ್ಲ ಕಾಯುತ್ತಾರೆ.

ಅನ್ಯದೇಶದಲ್ಲಿ ಕ್ಯಾಮರಾ ಹಿಡಿದು ಅಡ್ಡಾಡುವುದು ಹುಡುಗಾಟವಲ್ಲ. ಸೈನ್ಯದ ಠಾಣೆ, ಬಂದರು, ಸರಕಾರಿ ಕಟ್ಟಡಗಳತ್ತ ಅದನ್ನು ತಿರುಗಿಸಬಾರದು. ಜನರ ಚಿತ್ರವನ್ನು, ಅದರಲ್ಲಿಯೂ ಹೆಂಗಸರದನ್ನು, ಕೇಳದೆ ತೆಗೆಯಬಾರದು. ಒಂದು ಚಿತ್ರಕ್ಕಾಗಿ ಕೆಲಸವೇ ಹೋದರೆ ಊರಿನಲ್ಲಿ ಎರಡು ಮನೆಗಳ ಒಲೆ ಆರುತ್ತದೆ. ಆದುದರಿಂದಲೇ ಮಾವನ ಚಿತ್ರಗಳಲ್ಲಿ ಮನುಷ್ಯರಿಲ್ಲ. ಲೋಬಾನ ಒಸರುವ ಮರಗಳಿಗೆ ಹೆಸರಾದ ದೌಕಾ ಕಣಿವೆಗೆ ಈ ಸಲ ಹೋಗಬೇಕೆಂದಿದ್ದಾರೆ. ಜೊತೆಗಾರರು ಸೇರಿ ಬಾಡಿಗೆ ಕಾರಿನ ಖರ್ಚು ಹಂಚಿಕೊಳ್ಳಲು ಒಪ್ಪಬೇಕಷ್ಟೆ.