ನಾಚಿಕೆಗೆ ಮದ್ದಿಲ್ಲ, ಕಾಯಿಲೆಗೆ ಮದ್ದುಂಟು

ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತು ಮಾತಿಗೆ ತೊಡಗಿದರೆ ಸಕ್ಕರೆ ಕಾಯಿಲೆಯ ಪ್ರಸ್ತಾಪ ಬರುತ್ತದೆ, ರಕ್ತದೊತ್ತಡದ ಪ್ರಸ್ತಾಪ ಬರುತ್ತದೆ, ಮೊಣಕಾಲು ನೋವಿನ ಮಾತಂತೂ ಬಂದೇ ಬರುತ್ತದೆ. ಇವುಗಳಿಗೆ ಯಾವ ಊರಿನ ಯಾವ ವೈದ್ಯರ ಕೈಗುಣ ಒಳ್ಳೆಯದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಗಂಡಸಿನ ದೇಹವನ್ನು ಗಂಡಸಿನದಾಗಿ ಬೆಳೆಸುವ ಹಾರ್ಮೋನಿನ ಕೊರತೆಯನ್ನು ಕುರಿತು ಯಾರೂ ಬಾಯಿ ಬಿಡುವುದಿಲ್ಲ. ಅದು ನಾಚಿಕೆಯ ವಿಷಯವೆಂದು ನಾವು ತಿಳಿದಿದ್ದೇವೆ. ಈ ಮೌನದಿಂದಾಗಿ ನಮ್ಮ ಬಂಧುವರ್ಗದ ಒಬ್ಬ ತರುಣನ ಬಾಳಿನ ಹತ್ತು ವರ್ಷಗಳು ವ್ಯರ್ಥವಾದವು. ಆ ಮೌನದಲ್ಲಿ ನನ್ನ ಪಾಲೂ ಇದ್ದಿತು. ಅವನ ಒಪ್ಪಿಗೆಯನ್ನು ಪಡೆದೇ ಈ ಸಂಗತಿಯನ್ನು ವಾಚಕರ ಮುಂದೆ ನಿವೇದಿಸುತ್ತಿದ್ದೇನೆ.

ಅವನು ನನ್ನ ಸೋದರಿಯ ಮಗ. 2008ರಲ್ಲಿ ಅವನಿಗೆ 17 ವರ್ಷ. ಓರಗೆಯ ಹುಡುಗರಿಗೆಲ್ಲ ಮೀಸೆ ಚಿಗುರಿ ದನಿ ಒಡೆದಿದ್ದರೂ ಇವನ ಮುಖ ಎಳೆಯ ಬಾಲಕನದಂತೆಯೇ ಇತ್ತು, ದನಿಯೂ ಹಾಗೆಯೇ ಇತ್ತು. ಎತ್ತರಕ್ಕೆ ಮಾತ್ರ ಬೆಳೆದಿದ್ದ, ಕೈಕಾಲುಗಳು ನೀಳವಾಗಿದ್ದವು. ತಂಗಿ ಕಳವಳಗೊಂಡು ನನ್ನನ್ನು ಕೇಳಿದಳು. ನಾಲ್ಕು ಗ್ರಂಥಗಳನ್ನು ಓದಿದ ಅಣ್ಣನ ಮಾತೆಂದರೆ ಅವಳಿಗೆ ಪ್ರಮಾಣ. ನಾನು, "ಕೆಲವು ಮಕ್ಕಳಿಗೆ ತಡವಾಗುತ್ತದೆ, ಕಾಲ ಬಂದಾಗ ತಾನಾಗಿ ಸರಿಹೋಗುತ್ತದೆ" ಎಂದುಬಿಟ್ಟೆ. ಅರಿಯದ ವಿಷಯದಲ್ಲಿ ಅಧಿಕಾರವಾಣಿಯಿಂದ ನುಡಿದ ತಪ್ಪು ನನ್ನದು. ಕಾಲವೇನೋ ಬಂದಿತು, ಆದರೆ ಸರಿಹೋಗಲಿಲ್ಲ.

ಕಾಲೇಜಿನಲ್ಲಿ ಅವನು ಅನುಭವಿಸಿದ ಗೇಲಿಯನ್ನು ಮನೆಯಲ್ಲಿ ಎಂದೂ ಹೇಳಲಿಲ್ಲ. ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟ. 2016ರಲ್ಲಿ ಹೆಣ್ಣು ನೋಡುವ ಮಾತು ಎತ್ತಿದಾಗ ಬಾಗಿಲು ಹಾಕಿಕೊಂಡು ಎರಡು ದಿನ ಊಟ ಬಿಟ್ಟ. ಆಗ ತಂದೆ ಅವನನ್ನು ಒಬ್ಬ ವೈದ್ಯರಲ್ಲಿಗೆ ಕರೆದೊಯ್ದರು. ಅವರು ಹತ್ತಾರು ರೋಗಿಗಳ ಎದುರಿಗೇ ಪ್ರಶ್ನೆ ಕೇಳಿ, ನಕ್ಕು, ಶಕ್ತಿಯ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ರಕ್ತವನ್ನು ಪರೀಕ್ಷಿಸದೆಯೇ ಹಾರ್ಮೋನಿನ ಚುಚ್ಚುಮದ್ದು ಕೊಡಲು ಸಿದ್ಧರಾದರು. ಮೊದಲನೆಯವರ ಅನಾದರಕ್ಕೆ ಹೆದರಿದ ಹುಡುಗ ಎರಡನೆಯವರ ಆತುರಕ್ಕೂ ಹೆದರಿದ. ಮತ್ತೆ ವೈದ್ಯರ ಮೆಟ್ಟಿಲು ಹತ್ತಲಿಲ್ಲ.

2018ರಲ್ಲಿ ಒಂದು ಜೋಳದ ಚೀಲವನ್ನು ಎತ್ತುವಾಗ ಅವನ ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿತು. ಇಪ್ಪತ್ತೇಳರ ಪ್ರಾಯದವನ ಮೂಳೆ ಎಪ್ಪತ್ತರ ವೃದ್ಧೆಯ ಮೂಳೆಯಂತೆ ಸವೆದುದನ್ನು ಕಂಡು ಮೂಳೆ ತಜ್ಞರು ಬೆರಗಾದರು. ಅವನನ್ನು ನಿರ್ನಾಳ ಗ್ರಂಥಿಗಳ ತಜ್ಞರಲ್ಲಿಗೆ, ಅಂದರೆ ಎಂಡೋಕ್ರಿನಾಲಜಿಸ್ಟರಲ್ಲಿಗೆ ಕಳುಹಿಸಿದರು. ಆ ದಿನ ನಾನೂ ಜೊತೆಗಿದ್ದೆ. ವೈದ್ಯರು ಮೊದಲು ನನ್ನನ್ನು ವಿನಯದಿಂದಲೇ ಹೊರಗೆ ಕೂರಿಸಿ ಅವನೊಡನೆ ಮುಕ್ಕಾಲು ಗಂಟೆ ಏಕಾಂತದಲ್ಲಿ ಮಾತನಾಡಿದರು. ಬಳಿಕ ನನ್ನನ್ನು ಒಳಗೆ ಕರೆದು ಕೇಳಿದ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು: "ಈತನಿಗೆ ಮಲ್ಲಿಗೆಯ ವಾಸನೆ ತಿಳಿಯುತ್ತದೆಯೆ?"

ನನಗೆ ಉತ್ತರ ತೋಚಲಿಲ್ಲ. ಉತ್ತರ ಕೊಟ್ಟವನು ಅವನೇ. ಹುಟ್ಟಿದಂದಿನಿಂದ ಅವನಿಗೆ ಯಾವ ಪರಿಮಳವೂ ತಿಳಿದಿರಲಿಲ್ಲ. ಉಳಿದವರು ಹೂವನ್ನು ಮೂಸುವುದು ಒಂದು ಮರ್ಯಾದೆಯ ಕ್ರಮವೆಂದು ಭಾವಿಸಿ ತಾನೂ ಹಾಗೆ ಮಾಡುತ್ತಿದ್ದನಂತೆ. ಅಡುಗೆಮನೆಯಲ್ಲಿ ಹಾಲು ಸೀದರೂ ಅವನಿಗೆ ಗೊತ್ತಾಗುತ್ತಿರಲಿಲ್ಲವೆಂದು ತಂಗಿ ಆಮೇಲೆ ನೆನಪಿಸಿಕೊಂಡಳು. ನಾವು ಅದನ್ನು ಅಲಕ್ಷ್ಯವೆಂದು ಗದರಿಸಿದ್ದೆವು!

ಈ ಸ್ಥಿತಿಗೆ ಕಾಲ್‌ಮನ್ ಸಿಂಡ್ರೋಮ್ ಎಂದು ಹೆಸರು. ಸ್ಪೇನಿನ ಮಾಯೆಸ್ತ್ರೆ ದೆ ಸಾನ್ ಹ್ವಾನ್ ಎಂಬ ವೈದ್ಯರು 1856ರಲ್ಲಿಯೇ ಇಂಥದೊಂದು ದೇಹವನ್ನು ಪರೀಕ್ಷಿಸಿ ಬರೆದಿದ್ದರು. 1944ರಲ್ಲಿ ಫ್ರಾನ್ಜ್ ಕಾಲ್‌ಮನ್ ಇದು ವಂಶಾನುಗತವಾಗಿ ಬರಬಹುದೆಂಬುದನ್ನು ತೋರಿಸಿದರು. ಮಗು ತಾಯಿಯ ಗರ್ಭದಲ್ಲಿರುವಾಗ, ಪ್ರಾಯಕ್ಕೆ ಬರುವ ಆಜ್ಞೆಯನ್ನು ಮುಂದೆ ನೀಡಬೇಕಾದ ಜೀವಕೋಶಗಳು ಮೂಗಿನ ಭಾಗದಲ್ಲಿ ಹುಟ್ಟಿ, ಘ್ರಾಣದ ನರಗಳ ಜಾಡನ್ನು ಹಿಡಿದು ಮಿದುಳಿಗೆ ಪಯಣಿಸುತ್ತವೆ. ಆ ಜಾಡು ಕಡಿದುಹೋದರೆ ವಾಸನೆಯೂ ಇಲ್ಲ, ಆಜ್ಞೆಯೂ ಇಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಬಾರದಿದ್ದರೆ ಅದು ವೃಷಣಗಳನ್ನು ಎಚ್ಚರಿಸುವುದಿಲ್ಲ. ವೃಷಣಗಳು ಟೆಸ್ಟೋಸ್ಟಿರೋನ್ ಹಾರ್ಮೋನನ್ನು ಸಾಕಷ್ಟು ಸ್ರವಿಸುವುದಿಲ್ಲ.

ಟೆಸ್ಟೋಸ್ಟಿರೋನ್ ಎಂದರೆ ಕಾಮವನ್ನು ಕೆರಳಿಸುವ ವಸ್ತುವೆಂಬುದು ಬೀದಿಯ ಗ್ರಹಿಕೆ. ಅದು ಅರ್ಧ ಸತ್ಯವೂ ಅಲ್ಲ. ಮೂಳೆಯ ಗಟ್ಟಿತನ, ಸ್ನಾಯುಗಳ ಬಲ, ರಕ್ತದ ಕೆಂಪುಕಣಗಳ ಉತ್ಪತ್ತಿ, ಮನಸ್ಸಿನ ಉತ್ಸಾಹ ಇವೆಲ್ಲಕ್ಕೂ ಅದರ ಆಸರೆ ಬೇಕು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕ್ಯೂರ್ ಅವರ ತಂಡ ಹೋರಿಗಳ ವೃಷಣಗಳಿಂದ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿತು. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಜಿಚ್ಕಾ ಎಂಬ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿಯೇ ಇದನ್ನು ತಯಾರಿಸಿದರು. ಇವರಿಬ್ಬರಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅಂದಮೇಲೆ ಇದು ಸುಮಾರು ತೊಂಬತ್ತು ವರ್ಷಗಳಿಂದ ವೈದ್ಯರ ಕೈಯಲ್ಲಿರುವ ಮದ್ದು. ನಮ್ಮ ಹುಡುಗನಿಗೆ ಅದು ತಲುಪಲು ತಡವಾದುದು ವಿಜ್ಞಾನದ ದೋಷದಿಂದಲ್ಲ, ನಮ್ಮ ಸಂಕೋಚದಿಂದ.

ಸರಿಯಾದ ವೈದ್ಯರನ್ನು ಗುರುತಿಸುವ ಬಗೆ

ಆ ವೈದ್ಯರ ಕ್ರಮವನ್ನು ಹತ್ತಿರದಿಂದ ಕಂಡುದರಿಂದ, ಇಂಥ ಚಿಕಿತ್ಸೆಗೆ ಎಂಥವರಲ್ಲಿಗೆ ಹೋಗಬೇಕೆಂಬುದು ನನಗೆ ಮನವರಿಕೆಯಾಯಿತು. ಮೊದಲನೆಯದಾಗಿ, ಅವರು ರೋಗಿಯ ಮಾತನ್ನು ಏಕಾಂತದಲ್ಲಿ, ಹಾಸ್ಯಕ್ಕೆಡೆಯಿಲ್ಲದೆ ಕೇಳುತ್ತಾರೆ.

ಎರಡನೆಯದಾಗಿ, ಅವರು ಪರೀಕ್ಷೆಯಿಲ್ಲದೆ ಮದ್ದು ಕೊಡುವುದಿಲ್ಲ. ಈ ಹಾರ್ಮೋನಿನ ಮಟ್ಟ ಬೆಳಿಗ್ಗೆ ಹೆಚ್ಚಾಗಿರುತ್ತದೆ, ದಿನವೇರಿದಂತೆ ಇಳಿಯುತ್ತದೆ. ಆದುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಎರಡು ಸಲ ರಕ್ತ ತೆಗೆದು ಅಳೆಯಬೇಕು. ಅಮೆರಿಕದ ಮೂತ್ರಾಂಗ ತಜ್ಞರ ಸಂಘವು 2018ರ ತನ್ನ ಮಾರ್ಗಸೂಚಿಯಲ್ಲಿ ಒಂದು ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯೆಂದು ಪರಿಗಣಿಸಲು ಹೇಳಿದೆ. ಅಂಕಿಯೊಂದೇ ಸಾಲದು, ಲಕ್ಷಣಗಳೂ ಇರಬೇಕು. ಕೊರತೆಯ ಮೂಲ ವೃಷಣದಲ್ಲಿದೆಯೋ ಪಿಟ್ಯುಟರಿಯಲ್ಲಿದೆಯೋ ಎಂದು ತಿಳಿಯಲು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನೂ ಅಳೆಯುತ್ತಾರೆ. ಕೆಲವೊಮ್ಮೆ ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದಿರುವುದುಂಟು. ಮೂಲವನ್ನು ಹುಡುಕದೆ ಚುಚ್ಚುಮದ್ದು ಕೊಟ್ಟರೆ ಆ ಗಡ್ಡೆ ಮರೆಯಲ್ಲಿಯೇ ಉಳಿದುಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆ ವೈದ್ಯರು ಮದ್ದು ಬರೆಯುವ ಮುನ್ನ, "ಮುಂದೆ ಮಕ್ಕಳು ಬೇಕೆಂಬ ಆಸೆಯುಂಟೆ, ಯಾವಾಗ?" ಎಂದು ವಿಚಾರಿಸಿದರು. ಹೊರಗಿನಿಂದ ಟೆಸ್ಟೋಸ್ಟಿರೋನ್ ಕೊಟ್ಟಾಗ ದೇಹವು ವೀರ್ಯಾಣುಗಳನ್ನು ಉತ್ಪಾದಿಸುವುದು ಕುಗ್ಗುತ್ತದೆ. ಮಕ್ಕಳನ್ನು ಬಯಸುವವರಿಗೆ ಅದನ್ನು ನಿಲ್ಲಿಸಿ, ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಎಂಬ ಬೇರೆ ಚುಚ್ಚುಮದ್ದುಗಳನ್ನು ತಿಂಗಳುಗಟ್ಟಲೆ, ಕೆಲವರಿಗೆ ಎರಡು ವರ್ಷದವರೆಗೂ ಕೊಡುವ ವಿಧಾನವಿದೆ. ಕಾಲ್‌ಮನ್ ಸ್ಥಿತಿಯ ಅನೇಕರು ಈ ಮಾರ್ಗದಿಂದ ತಂದೆಯಾಗಿದ್ದಾರೆ. ಪರೀಕ್ಷೆಯಿಲ್ಲದೆ ಚುಚ್ಚಲು ಸಿದ್ಧರಾಗಿದ್ದ ಆ ಇನ್ನೊಬ್ಬರು ಈ ಪ್ರಶ್ನೆಯನ್ನು ಕೇಳಿರಲೇ ಇಲ್ಲ.

ನಾಲ್ಕನೆಯದಾಗಿ, ಒಳ್ಳೆಯ ವೈದ್ಯರು ಲಾಭದೊಡನೆ ಅಪಾಯವನ್ನೂ ಹೇಳುತ್ತಾರೆ. ಈ ಮದ್ದಿನಿಂದ ರಕ್ತ ಅತಿಯಾಗಿ ಮಂದವಾಗಬಹುದು. ಕೆಂಪುಕಣಗಳ ಪ್ರಮಾಣ ಶೇಕಡಾ 54ನ್ನು ಮೀರಿದರೆ ಮದ್ದನ್ನು ನಿಲ್ಲಿಸಿ ಕಾರಣವನ್ನು ಶೋಧಿಸಬೇಕಾಗುತ್ತದೆ. ಆದುದರಿಂದ ಮೊದಲ ವರ್ಷದಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಆಗಬೇಕು. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇದ್ದವರಿಗೆ, ಆರು ತಿಂಗಳ ಒಳಗೆ ಹೃದಯಾಘಾತವಾದವರಿಗೆ ಇದು ಸಲ್ಲದು. ಚರ್ಮಕ್ಕೆ ಲೇಪಿಸುವ ಜೆಲ್ಲನ್ನು ಬಳಸುವವರು ಕೈ ತೊಳೆದು, ಲೇಪಿಸಿದ ಭಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಎತ್ತಿಕೊಂಡ ಕೂಸಿಗೆ ಅದು ಅಂಟಿ ಹಾನಿಯಾದೀತು.

ನಮ್ಮ ದೇಶದಲ್ಲಿ ಈ ಮದ್ದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ವರ್ಗಕ್ಕೆ ಸೇರಿದೆ. ಆದರೂ ವ್ಯಾಯಾಮಶಾಲೆಗಳಲ್ಲಿ ತೋಳು ಉಬ್ಬಿಸುವ ಆಸೆಗೆ ಹುಡುಗರು ಇದನ್ನು ಚುಚ್ಚಿಕೊಳ್ಳುತ್ತಿರುವುದನ್ನು ಕೇಳುತ್ತೇವೆ. ಕೊರತೆಯಿಲ್ಲದವನು ಇದನ್ನು ತೆಗೆದುಕೊಂಡರೆ ಅವನದೇ ವೃಷಣಗಳು ಕೆಲಸ ನಿಲ್ಲಿಸಿ ಸೊರಗುತ್ತವೆ. ಇದ್ದುದನ್ನು ಕಳೆದುಕೊಳ್ಳುವ ವ್ಯಾಪಾರವಿದು.

ವಯಸ್ಸಾದವರ ಮಾತು

ನನ್ನ ವಯಸ್ಸಿನವರು ಈಗ ಕೇಳಬಹುದು: "ನಮಗೂ ಆಯಾಸವಿದೆ, ನಮಗೂ ಇದು ಬೇಕೆ?" ವಯಸ್ಸಿನೊಡನೆ ಈ ಹಾರ್ಮೋನು ನಿಧಾನವಾಗಿ ಇಳಿಯುವುದು ಸಹಜ. ಬೊಜ್ಜು, ಸಕ್ಕರೆ ಕಾಯಿಲೆ, ಗೊರಕೆಯೊಡನೆ ಉಸಿರು ಕಟ್ಟುವ ನಿದ್ರಾದೋಷ ಇವೂ ಅದನ್ನು ತಗ್ಗಿಸುತ್ತವೆ. ಅನೇಕರಿಗೆ ಮೈ ತೂಕವನ್ನು ಇಳಿಸುವುದೇ ಮೊದಲ ಮದ್ದು. ಹೃದ್ರೋಗವುಳ್ಳ ಅಥವಾ ಅದರ ಸಂಭವವಿರುವ 5,000ಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ಟ್ರಾವರ್ಸ್ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ನಿಜವಾಗಿ ಕೊರತೆಯಿದ್ದವರಲ್ಲಿ ಈ ಚಿಕಿತ್ಸೆಯಿಂದ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಲಿಲ್ಲವೆಂದು ಅದು ತಿಳಿಸಿತು. ಆದರೆ ಹೃದಯದ ಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಾಗಿ ಕಂಡುಬಂದವು. ಆದುದರಿಂದ ಕಣ್ಣು ಮುಚ್ಚಿ ಬೇಡವೆನ್ನುವುದೂ ಸರಿಯಲ್ಲ, ಕಣ್ಣು ಮುಚ್ಚಿ ಬೇಕೆನ್ನುವುದೂ ಸರಿಯಲ್ಲ.

ತಜ್ಞರು ಪ್ರತಿ ತಾಲ್ಲೂಕಿನಲ್ಲಿಯೂ ಇಲ್ಲವೆಂಬುದು ನಿಜ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಂಥ ನಗರಗಳಿಗೆ ಒಮ್ಮೆ ಹೋಗಬೇಕಾಗುತ್ತದೆ. ವೈದ್ಯರ ಫಲಕದಲ್ಲಿ ಎಂಡೋಕ್ರಿನಾಲಜಿಯಲ್ಲಿ ಡಿ.ಎಂ. ಪದವಿ ಇದೆಯೇ ಎಂದು ನೋಡಿಕೊಳ್ಳಬಹುದು. ದೂರವಾಣಿ, ವೀಡಿಯೊ ಮೂಲಕ ಸಲಹೆ ನೀಡುವುದಕ್ಕೆ 2020ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿರುವುದರಿಂದ ಮರುಭೇಟಿಗಳ ಶ್ರಮ ಕಡಿಮೆಯಾಗಿದೆ. ಹತ್ತಿರದ ಕುಟುಂಬ ವೈದ್ಯರು ತಜ್ಞರ ಪತ್ರದ ಆಧಾರದಿಂದ ಚುಚ್ಚುಮದ್ದು ಕೊಟ್ಟು ರಕ್ತಪರೀಕ್ಷೆ ಮಾಡಿಸಿದರೆ ಸಾಕಾಗುತ್ತದೆ. ನಮ್ಮ ಹುಡುಗನದು ಹೀಗೆಯೇ ನಡೆಯಿತು.

ಅವನಿಗೆ ಅಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮವಾಗಿ ಮದ್ದನ್ನು ಹೆಚ್ಚಿಸಿದರು. ವರ್ಷ ತುಂಬುವುದರೊಳಗೆ ದನಿ ಒಡೆಯಿತು. ದೂರವಾಣಿಯಲ್ಲಿ ಆ ದನಿಯನ್ನು ಮೊದಲು ಕೇಳಿದಾಗ ಯಾರೆಂದು ತಿಳಿಯದೆ, "ತಾವು ಯಾರು?" ಎಂದು ನಾನು ಬಹುವಚನದಲ್ಲಿ ಕೇಳಿದೆ. ಆ ತುದಿಯಲ್ಲಿ ಅವನು ನಕ್ಕ. ಅವನು ನಕ್ಕುದನ್ನು ಎಷ್ಟೋ ವರ್ಷಗಳಿಂದ ನಾನು ಕೇಳಿರಲಿಲ್ಲ.

2021ರಲ್ಲಿ ಅವನ ವಿವಾಹವಾಯಿತು. ಮಾತುಕತೆಯ ಹಂತದಲ್ಲಿಯೇ ಅವನು ಕನ್ಯೆಯೊಡನೆ ತಾನೇ ಕುಳಿತು ಎಲ್ಲವನ್ನೂ ಹೇಳಿದ. ಮುಚ್ಚಿಡೋಣವೆಂದ ಹಿರಿಯರೂ ಇದ್ದರು. ಅವನು ಒಪ್ಪಲಿಲ್ಲ. ಆಕೆ ಮೂರು ದಿನ ಯೋಚಿಸಿ, ವೈದ್ಯರನ್ನು ತಾನೂ ಕಂಡು ಮಾತನಾಡಿ, ಒಪ್ಪಿದಳು. ಮಕ್ಕಳ ವಿಷಯ ಅವರಿಬ್ಬರಿಗೆ ಸೇರಿದ್ದು. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಮಾತನಾಡಬೇಕಾದಲ್ಲಿ ಮೌನವಾಗಿದ್ದವನು, ಸುಮ್ಮನಿರಬೇಕಾದಲ್ಲಿ ಮಾತನಾಡುವ ತಪ್ಪನ್ನು ಮಾಡಬಾರದಷ್ಟೆ.

ತಾಯ್ತಂದೆಯರಲ್ಲಿ ನನ್ನದೊಂದು ಅರಿಕೆ. ಮಗನಿಗೆ 14 ತುಂಬಿಯೂ ಪ್ರಾಯದ ಲಕ್ಷಣಗಳು ಮೊಳೆಯದಿದ್ದರೆ ವೈದ್ಯರಿಗೆ ತೋರಿಸಿರಿ. ಬಹುಪಾಲು ಮಕ್ಕಳಲ್ಲಿ ಅದು ಕೇವಲ ತಡವೇ ಆಗಿರುತ್ತದೆ. ಹಾಗೆಂದು ಹೇಳಬೇಕಾದವರು ಮಾತ್ರ ಪರೀಕ್ಷಿಸಿದ ವೈದ್ಯರು, ನನ್ನಂತಹ ಸೋದರಮಾವಂದಿರಲ್ಲ. ಮತ್ತು ಮನೆಯಲ್ಲಿ ಹೂವು ತಂದ ದಿನ ಮಗುವನ್ನು ಒಮ್ಮೆ ಕೇಳಿರಿ: "ವಾಸನೆ ಬರುತ್ತದೆಯೇನಪ್ಪ?"